ಸುರಂಗದಲ್ಲಿ ಕಂಡ ಕೋಣೆ

ಗಂಡನನ್ನು ವಿಮಾನ ಹತ್ತಿಸಿ ವರ್ಜೀನಿಯಾ ಒಬ್ಬಳೇ ಕಾರು ನಡೆಸಿಕೊಂಡು ಬರುತ್ತಿದ್ದಾಳೆ. ಅವಳ ಪಕ್ಕದ ಸೀಟಿನಲ್ಲಿ ನಾವೂ ಕೂತಿದ್ದೇವೆ ಅಂದುಕೊಳ್ಳಿ. ಟಸ್ಕನಿಯ ಗುಡ್ಡಗಳ ನಡುವೆ ರಸ್ತೆ ಬಳುಕುತ್ತದೆ, ಎದುರಿಗೊಂದು ಸುರಂಗ ಬಾಯಿ ತೆರೆಯುತ್ತದೆ, ಕತ್ತಲು ಗಪ್ಪನೆ ಕವಿಯುತ್ತದೆ. ಹೊರಬಂದರೆ ಕಣ್ಣು ಕುಕ್ಕುವ ಬೆಳಕು. ಮತ್ತೆ ಸುರಂಗ, ಮತ್ತೆ ಬೆಳಕು. ಈ ಲಯಕ್ಕೆ ನಾವು ಒಗ್ಗಿಕೊಳ್ಳುವಷ್ಟರಲ್ಲಿ ಒಂದು ಸುರಂಗ ಮುಗಿಯುವುದೇ ಇಲ್ಲ. ತೆರೆಯ ತುಂಬ ಕಪ್ಪು, ಅದರೊಳಗೆ ಅವಳ ಎರಡು ಕಣ್ಣು.

ಆ ಕಪ್ಪಿನಲ್ಲಿ ಒಂದು ಕೋಣೆ ಚೂರುಚೂರಾಗಿ ಕಾಣತೊಡಗುತ್ತದೆ. ಒಡೆದ ಕನ್ನಡಿ. ಕೆಂಪು ದೀಪ. ರಕ್ತದಲ್ಲಿ ಬಿದ್ದ ಮುದುಕಿಯ ಮುಖ. ಆಶ್‌ಟ್ರೇಯಲ್ಲಿ ಒಂದು ಹಳದಿ ಸಿಗರೇಟು. ಯಾವುದೋ ಪತ್ರಿಕೆಯ ಮುಖಪುಟದಲ್ಲಿ ಹೆಣ್ಣೊಬ್ಬಳ ಚಿತ್ರ. ಕುಂಟುತ್ತ ಹತ್ತಿರವಾಗುವ ಹೆಜ್ಜೆ. ಕೊನೆಗೆ ಒಂದೊಂದೇ ಇಟ್ಟಿಗೆ ಕೂತು ಮುಚ್ಚಿಹೋಗುವ ಗೋಡೆ.

ಲೂಚಿಯೋ ಫುಲ್ಚಿ 1977ರಲ್ಲಿ ತೆರೆಗೆ ತಂದ ‘ಸೆತ್ತೆ ನೋತೆ ಇನ್ ನೇರೊ’ ನಮ್ಮ ಎದೆಬಡಿತ ಏರಿಸುವುದು ಹೀಗೆ, ಸಾಮಾನುಗಳ ಮೂಲಕ. ಇಂಗ್ಲಿಷ್ ಬಲ್ಲವರಿಗೆ ಇದು ‘ದ ಸೈಕಿಕ್’. ವರ್ಜೀನಿಯಾ ಆಗಿರುವವರು ಅಮೆರಿಕದ ನಟಿ ಜೆನಿಫರ್ ಓನೀಲ್. ಅವರ ಮುಖದಲ್ಲಿ ಕಿರುಚಾಟಕ್ಕಿಂತ ತಬ್ಬಿಬ್ಬು ಹೆಚ್ಚು. ಛಾಯಾಗ್ರಾಹಕ ಸೆರ್ಜಿಯೋ ಸಾಲ್ವಾತಿಯ ಕ್ಯಾಮೆರಾ ಆ ಮುಖದತ್ತ ಸರ್ರನೆ ಧಾವಿಸಿ, ಬರೀ ಕಣ್ಣು ಉಳಿಯುವವರೆಗೆ ಬಿಡುವುದಿಲ್ಲ. ವರ್ಜೀನಿಯಾಳ ಆ ಕಣ್ಣುಗಳಿಗೆ ಹಿಂದಿನದೊಂದು ನೋವಿದೆ: ಬಾಲಕಿಯಾಗಿ ಫ್ಲಾರೆನ್ಸಿನಲ್ಲಿದ್ದಾಗ, ದೂರದ ಇಂಗ್ಲೆಂಡಿನ ಡೋವರ್ ಬಂಡೆಗಳಿಂದ ತಾಯಿ ಹಾರಿ ಸತ್ತದ್ದನ್ನು ಅವು ಕೂತಲ್ಲಿಂದಲೇ ಕಂಡಿದ್ದವು.

ಈಗ ಗಂಡನ ಕಡೆಯ ಹಳೆಯ ಬಂಗಲೆಗೆ ಕಾಲಿಟ್ಟರೆ, ಸುರಂಗದಲ್ಲಿ ಕಂಡ ಕೋಣೆ ಅಲ್ಲೇ ಇದೆ. ಬಟ್ಟೆ ಹೊದೆಸಿದ ಪೀಠೋಪಕರಣ, ವರ್ಷಗಳ ದೂಳು, ಮುಗ್ಗಲು ಗಾಳಿ ನಮ್ಮ ಮೂಗಿಗೂ ತಾಗಿದಂತೆ. ಅವಳು ಗುದ್ದಲಿ ಎತ್ತುತ್ತಾಳೆ. ಧಡ್, ಧಡ್. ಗಾರೆ ಉದುರುತ್ತದೆ, ಇಟ್ಟಿಗೆ ಸಡಿಲುತ್ತದೆ, ಒಳಗಿಂದ ಅಸ್ಥಿಪಂಜರ ಹೊರಬೀಳುತ್ತದೆ. ಪೊಲೀಸರು ಗಂಡನನ್ನು ಹಿಡಿದೊಯ್ಯುತ್ತಾರೆ.

ಇಲ್ಲಿಗೆ ಕಥೆ ಮುಗಿದರೆ ಸಾಧಾರಣ ಪತ್ತೇದಾರಿ. ಆದರೆ ಸಿಕ್ಕ ಮೂಳೆಗಳು ಮುದುಕಿಯವಲ್ಲ, ಎಳೆವಯಸ್ಸಿನ ಹೆಣ್ಣಿನವು. ಮುಖಪುಟದ ಆ ಪತ್ರಿಕೆ, ಈ ಹೆಣ್ಣು ಸತ್ತಾಗ ಅಚ್ಚೇ ಆಗಿರಲಿಲ್ಲ. ಅತೀಂದ್ರಿಯ ಸಂಗತಿಗಳನ್ನು ಅಭ್ಯಾಸ ಮಾಡುವ ಗೆಳೆಯ ಲೂಕಾನ ಜೊತೆ ಅವಳು ಒಂದೊಂದೇ ಚೂರನ್ನು ತಾಳೆ ನೋಡುತ್ತ ಹೋದಂತೆ ಬೆನ್ನುಹುರಿ ತಣ್ಣಗಾಗುತ್ತದೆ. ಕಂಡದ್ದು ಆಗಿಹೋದ ಸಾವಲ್ಲ, ಆಗಲಿರುವ ಸಾವು.

ಇಷ್ಟೆಲ್ಲದರ ಅಡಿಯಲ್ಲಿ ಒಂದು ಪುಟ್ಟ ರಾಗ ಹರಿಯುತ್ತದೆ. ವರ್ಜೀನಿಯಾಗೆ ಉಡುಗೊರೆಯಾಗಿ ಬಂದ ಕೈಗಡಿಯಾರ ಕಿಣಿಕಿಣಿ ನುಡಿಸುವ ರಾಗ, ಚಿತ್ರದ ಹೆಸರಿನಲ್ಲಿರುವ ಏಳು ಸ್ವರ. ಬಿಕ್ಸಿಯೋ, ಫ್ರಿಝಿ, ತೆಂಪೆರಾ ಮೂವರೂ ಕೂಡಿ ಕಟ್ಟಿದ ಈ ಸಂಗೀತವನ್ನು ಟರಾಂಟಿನೋ 2003ರಲ್ಲಿ ‘ಕಿಲ್ ಬಿಲ್’ನ ಮೊದಲ ಭಾಗಕ್ಕೆ ತಂದುಕೊಂಡರು.

ಕಥೆ ನಮ್ಮ ಕಡೆಗೂ ಬಂದಿದೆ. ಮಣಿವಣ್ಣನ್ 1984ರಲ್ಲಿ ತಮಿಳಿನ ‘ನೂರಾವದು ನಾಳ್’ ಮಾಡಿದರು. 1991ರಲ್ಲಿ ಅದೇ ಎಳೆ ಹಿಂದಿಯ ‘100 ಡೇಸ್’ ಆಯಿತು. ಅದರಲ್ಲಿ ಮಾಧುರಿ ದೀಕ್ಷಿತ್ ಕಂಡು ಬೆಚ್ಚುವ ಸಾವಿನ ಮುನ್ಸೂಚನೆಗಳ ಮೂಲ ಈ ಇಟಲಿಯ ಚಿತ್ರ.

‘ಸೆತ್ತೆ ನೋತೆ ಇನ್ ನೇರೊ’ ಬಂದ ಎರಡು ವರ್ಷದ ನಂತರ ಫುಲ್ಚಿ ‘ಜಾಂಬಿ 2’ ಮಾಡಿ ರಕ್ತಪಾತಕ್ಕೆ ಹೆಸರಾದರು. ನನಗೆ ಮಾತ್ರ ರಕ್ತ ಮಿತವಾಗಿರುವ ಈ ಚಿತ್ರವೇ ಹೆಚ್ಚು ಭಯ ಹುಟ್ಟಿಸುತ್ತದೆ. ವರ್ಜೀನಿಯಾ ಕಂಡದ್ದರಲ್ಲಿ ಒಂದೂ ಸುಳ್ಳಲ್ಲ. ಅವಳು ತಪ್ಪಿದ್ದು ಕಾಲವನ್ನು ಓದುವುದರಲ್ಲಿ. ಸತ್ಯವನ್ನು ಬಿಚ್ಚಲು ಅವಳು ಇಟ್ಟ ಪ್ರತಿ ಹೆಜ್ಜೆಯೂ ಅವಳನ್ನು ಆ ಕೋಣೆಗೇ ಕರೆದೊಯ್ಯುತ್ತದೆ. ಕೊಂದವರು ಯಾರೆಂದು ಕೇಳುವ ಚಿತ್ರಗಳು ಬೇಕಾದಷ್ಟಿವೆ. ಸಾಯುವವರು ಯಾರೆಂದು ಕೇಳುವ ಧೈರ್ಯ ಈ ಚಿತ್ರಕ್ಕಿದೆ.