ಲ್ಯಾಪ್‌ಟಾಪ್ ಗಣಕದಲ್ಲಿ ಶಕ್ತಿ ಮತ್ತು ಶಾಖದ ಸಮತೋಲನ

ಯಾವ ಯಂತ್ರವೂ ತಾನು ಪಡೆದ ಶಕ್ತಿಯನ್ನೆಲ್ಲ ಕೆಲಸವನ್ನಾಗಿ ಮಾರ್ಪಡಿಸಲಾರದು. ಸ್ವಲ್ಪ ಭಾಗವಾದರೂ ಶಾಖವಾಗಿ ಸೋರಿಹೋಗುತ್ತದೆ. ಗಣಕಯಂತ್ರಕ್ಕೆ ಈ ಮಾತು ಇನ್ನೂ ಕಠೋರವಾಗಿ ಅನ್ವಯಿಸುತ್ತದೆ. ಪಂಪು ನೀರನ್ನು ಮೇಲೆತ್ತುತ್ತದೆ, ಗಿರಣಿ ಕಾಳನ್ನು ಬೀಸುತ್ತದೆ. ಗಣಕದ ಚಿಪ್ ಆದರೋ ಭಾರವನ್ನು ಎತ್ತುವುದೂ ಇಲ್ಲ, ಚಕ್ರವನ್ನು ತಿರುಗಿಸುವುದೂ ಇಲ್ಲ. ಅದು ಸೇವಿಸುವ ವಿದ್ಯುತ್ತು ಬಹುತೇಕ ಪೂರ್ಣವಾಗಿ ಶಾಖವಾಗಿಯೇ ಹೊರಬೀಳುತ್ತದೆ. 60 ವ್ಯಾಟಿನ ಚಿಪ್ ಎಂದರೆ ಹಳೆಯ ಕಾಲದ 60 ವ್ಯಾಟಿನ ಬುರುಡೆ ದೀಪದಷ್ಟು ಕಾವು ಒಂದು ಅಂಚೆ ಚೀಟಿಯಷ್ಟು ಜಾಗದಲ್ಲಿ ಹುಟ್ಟಿತೆಂದೇ ಅರ್ಥ.

ಮೇಜಿನ ಬಳಿ ನಿಲ್ಲುವ ದೊಡ್ಡ ಗಣಕದಲ್ಲಿ ಈ ಕಾವನ್ನು ಹೊರಹಾಕುವುದು ಅಷ್ಟು ಕಷ್ಟವಲ್ಲ. ಅಲ್ಲಿ ಗಾಳಿಯಾಡಲು ಸ್ಥಳವುಂಟು. ಆದರೆ ಯಂತ್ರವು ವಿದ್ಯಾರ್ಥಿಯ ಚೀಲದಲ್ಲಿ ಸೇರಬೇಕೆಂದಾಗ ಮೂರು ಬೇಡಿಕೆಗಳು ಪರಸ್ಪರ ಎದುರಾಗುತ್ತವೆ: ಚಿತ್ರರಚನೆಯ ಶಕ್ತಿ ಹೆಚ್ಚಿರಬೇಕು, ಯಂತ್ರ ತಂಪಾಗಿರಬೇಕು, ತೆಳುವೂ ಹಗುರವೂ ಆಗಿರಬೇಕು. ಇವುಗಳಲ್ಲಿ ಒಂದನ್ನು ಹಿಗ್ಗಿಸಿದರೆ ಉಳಿದೆರಡರಲ್ಲಿ ಒಂದಾದರೂ ಕುಗ್ಗಲೇಬೇಕು. ಮಕ್ಕಳ ಇಂಜಿನಿಯರಿಂಗ್ ಶಿಕ್ಷಣಕ್ಕೆಂದು ವರ್ಷಗಳ ಉಳಿತಾಯವನ್ನು ಸುರಿಯುವ ಪಾಲಕರೂ, ಶಾಲೆಗಳಿಗೆ ಗಣಕಗಳನ್ನು ಕೊಡುಗೆಯಾಗಿ ನೀಡುವ ದಾನಿಗಳೂ ಈ ಕಟ್ಟಳೆಯನ್ನು ಅರಿತಿರುವುದು ಅವಶ್ಯ. ಏಕೆಂದರೆ ಚಿಪ್‌ನ ಹೆಸರೊಂದೇ ಅದನ್ನು ತಿಳಿಸುವುದಿಲ್ಲ.

ಚಿತ್ರರಚನೆಗೆ ಇಷ್ಟು ಶಕ್ತಿ ಏಕೆ?

ಇಂದು ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳಿರುತ್ತವೆ. ಚಿತ್ರ ನಯವಾಗಿ ಚಲಿಸುವಂತೆ ಕಾಣಲೆಂದು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಅದನ್ನು ಹೊಸದಾಗಿ ಬರೆಯಲಾಗುತ್ತದೆ. ಎಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ಲೆಕ್ಕಹಾಕಬೇಕು. ಈ ಕೆಲಸಕ್ಕಾಗಿಯೇ ಸಾವಿರಾರು ಚಿಕ್ಕ ಗಣನಾಂಗಗಳು ಒಟ್ಟೊಟ್ಟಿಗೆ ದುಡಿಯುವ ಗ್ರಾಫಿಕ್ಸ್ ಚಿಪ್ ರೂಪುಗೊಂಡಿತು. ಅದು ಕೇವಲ ಆಟದ ಸಾಮಗ್ರಿಯಲ್ಲ. ಕಟ್ಟಡಗಳ ನಕ್ಷೆ, ವೈದ್ಯಕೀಯ ಚಿತ್ರಗಳ ಪರಿಶೀಲನೆ, ಚಲನಚಿತ್ರ ಸಂಕಲನ, ಕೃತಕ ಬುದ್ಧಿಮತ್ತೆಯ ಅಧ್ಯಯನ ಇವೆಲ್ಲವೂ ಇಂದು ಅದನ್ನು ಅವಲಂಬಿಸಿವೆ.

ಮೊದಲ ಪಾಠ

ಶಾಖದ ಸಮಸ್ಯೆ ಲ್ಯಾಪ್‌ಟಾಪಿನಷ್ಟೇ ಹಳೆಯದು. 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ‘ಗ್ರಿಡ್ ಕಂಪಾಸ್’ ಎಂಬ ಯಂತ್ರ ಪುಸ್ತಕದಂತೆ ಮಡಚುವ ಆಕೃತಿಯನ್ನು ಹೊಂದಿತ್ತು. ಬ್ರಿಟನ್ನಿನ ವಿನ್ಯಾಸಕಾರ ಬಿಲ್ ಮಾಗ್ರಿಜ್ ಅವರು ರೂಪಿಸಿದ ಆ ಯಂತ್ರದ ತೂಕ ಸುಮಾರು 5 ಕಿಲೋಗ್ರಾಂ. ಅದರ ಮೆಗ್ನೀಷಿಯಂ ಮಿಶ್ರಲೋಹದ ಹೊರಕವಚವು ಗಟ್ಟಿತನವನ್ನು ನೀಡುವುದರ ಜೊತೆಗೆ ಒಳಗಿನ ಕಾವನ್ನು ಹೊರಗಿನ ಗಾಳಿಗೆ ದಾಟಿಸುತ್ತಿತ್ತು. ಇದನ್ನು ಬಾಹ್ಯಾಕಾಶ ನೌಕೆಯಲ್ಲಿ ಬಳಸಲು ಹೊರಟಾಗ ಅಮೆರಿಕದ ನಾಸಾ ಸಂಸ್ಥೆ ಅದಕ್ಕೊಂದು ಚಿಕ್ಕ ಫ್ಯಾನ್ ಜೋಡಿಸಬೇಕಾಯಿತು. ಭೂಮಿಯ ಮೇಲೆ ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆ, ತಂಪುಗಾಳಿ ಅದರ ಸ್ಥಳಕ್ಕೆ ಬರುತ್ತದೆ. ತೂಕವೇ ಇಲ್ಲದ ಕಡೆ ಬಿಸಿಗಾಳಿ ಇದ್ದಲ್ಲೇ ನಿಲ್ಲುತ್ತದೆ. ಶಾಖವು ಹುಟ್ಟುವುದಷ್ಟೇ ಅಲ್ಲ, ಅದಕ್ಕೆ ಹೊರಹೋಗುವ ದಾರಿಯೂ ಬೇಕೆಂಬ ಪಾಠ ಇಲ್ಲಿದೆ.

ಒಂದೇ ಹೆಸರು, ಬೇರೆ ಬೇರೆ ಬಲ

2019ರಲ್ಲಿ ಎನ್‌ವಿಡಿಯಾ ಸಂಸ್ಥೆ ಮೇಜಿನ ಗಣಕಗಳಿಗಾಗಿ ‘ಆರ್‌ಟಿಎಕ್ಸ್ 2060’ ಎಂಬ ಗ್ರಾಫಿಕ್ಸ್ ಕಾರ್ಡನ್ನು ಹೊರತಂದಿತು. ಅದರಲ್ಲಿ 1920 ಗಣನಾಂಗಗಳಿದ್ದವು. ವಿದ್ಯುತ್ತಿನ ಮಿತಿ 160 ವ್ಯಾಟ್. 2020ರಲ್ಲಿ ಏಸಸ್ ಸಂಸ್ಥೆಯ ‘ಜೆಫಿರಸ್ ಜಿ14’ ಎಂಬ 14 ಅಂಗುಲದ, ಸುಮಾರು 1.6 ಕಿಲೋಗ್ರಾಂ ತೂಕದ ಲ್ಯಾಪ್‌ಟಾಪಿನಲ್ಲಿ ಅದೇ ಹೆಸರಿನ ಚಿಪ್‌ನ ಮಿತವ್ಯಯದ ರೂಪವನ್ನು ಅಳವಡಿಸಲಾಯಿತು. ಗಣನಾಂಗಗಳ ಸಂಖ್ಯೆ ಅದೇ 1920. ಆದರೆ ವಿದ್ಯುತ್ತು ಕೇವಲ 65 ವ್ಯಾಟ್.

ಅರ್ಧಕ್ಕಿಂತ ಕಡಿಮೆ ಶಕ್ತಿ ಪಡೆದ ಚಿಪ್ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡೀತೆಂದು ಭಾವಿಸುವುದು ಸಹಜ. ವಾಸ್ತವ ಹಾಗಿಲ್ಲ. ಮೊದಲನೆಯದರ ಘೋಷಿತ ಗರಿಷ್ಠ ವೇಗ 1680 ಮೆಗಾಹರ್ಟ್ಸ್, ಎರಡನೆಯದರದು 1185. ವೇಗ ಇಳಿದದ್ದು ಸುಮಾರು ಶೇಕಡಾ 30, ವಿದ್ಯುತ್ತು ಇಳಿದದ್ದು ಸುಮಾರು ಶೇಕಡಾ 60. ಇದರ ಮರ್ಮ ಭೌತಶಾಸ್ತ್ರದಲ್ಲಿದೆ. ಚಿಪ್ ಕೆಲಸ ಮಾಡುವಾಗ ಬಳಸುವ ಶಕ್ತಿಯು ಅದರ ವೇಗಕ್ಕೆ ನೇರ ಪ್ರಮಾಣದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. ವೇಗ ತಗ್ಗಿದರೆ ಕಡಿಮೆ ವೋಲ್ಟೇಜು ಸಾಕು. ವೇಗ, ವೋಲ್ಟೇಜು ಎರಡನ್ನೂ ಶೇಕಡಾ 20ರಷ್ಟು ತಗ್ಗಿಸಿದರೆ ಶಕ್ತಿಯ ವ್ಯಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೊನೆಯ ಅಲ್ಪ ವೇಗಕ್ಕಾಗಿಯೇ ಅತಿ ಹೆಚ್ಚಿನ ಬೆಲೆ ತೆರಬೇಕಾಗುತ್ತದೆಂಬುದು ಇದರ ತಾತ್ಪರ್ಯ. ಚಿಕ್ಕ ಲ್ಯಾಪ್‌ಟಾಪ್ ಸಾಧ್ಯವಾದದ್ದು ಆ ಕೊನೆಯ ವೇಗವನ್ನು ಬಿಟ್ಟುಕೊಟ್ಟಿದ್ದರಿಂದ.

ಈ ಅನುಕೂಲಕ್ಕೆ ಇನ್ನೊಂದು ಮುಖವೂ ಇದೆ. 2023ರಲ್ಲಿ ಬಂದ ‘ಆರ್‌ಟಿಎಕ್ಸ್ 4060’ ಲ್ಯಾಪ್‌ಟಾಪ್ ಚಿಪ್‌ಗೆ 35ರಿಂದ 115 ವ್ಯಾಟಿನವರೆಗೆ ಎಷ್ಟು ಶಕ್ತಿಯನ್ನಾದರೂ ನಿಗದಿಪಡಿಸುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಕರಿಗಿದೆ. ಹೆಸರು ಒಂದೇ ಆದರೂ ಒಂದರ ಬಲ ಇನ್ನೊಂದಕ್ಕಿಲ್ಲ. ಹೆಸರನ್ನು ಮಾತ್ರ ನೋಡಿ ಹಣ ತೆತ್ತವರು ಮೋಸಹೋಗುವುದು ಇಲ್ಲಿಯೇ.

ಶಾಖದ ದಾರಿ

ಚಿಪ್‌ನಿಂದ ಕಾವನ್ನು ಒಯ್ಯುವ ಮುಖ್ಯ ಸಾಧನವೆಂದರೆ ಶಾಖನಳಿಕೆ. 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಅವರು ಇದನ್ನು ಸಿದ್ಧಪಡಿಸಿ ತೋರಿಸಿದರು. ಲ್ಯಾಪ್‌ಟಾಪಿನಲ್ಲಿ ಬಳಸುವ ನಳಿಕೆ ತಾಮ್ರದ್ದು. ಗಾಳಿ ತೆಗೆದು ಮುಚ್ಚಿದ ಅದರೊಳಗೆ ತುಸು ನೀರಿರುತ್ತದೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗುತ್ತದೆ. ತಂಪಾದ ತುದಿಯಲ್ಲಿ, ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಹನಿಗಟ್ಟುವಂತೆ, ಆವಿ ಮರಳಿ ನೀರಾಗಿ ಶಾಖವನ್ನು ಬಿಟ್ಟುಕೊಡುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ನಳಿಕೆಯ ಒಳಗೋಡೆಯ ಸೂಕ್ಷ್ಮ ರಂಧ್ರಗಳು ಆ ನೀರನ್ನು ಹಿಂದಕ್ಕೆ ಸೆಳೆಯುತ್ತವೆ. ತಂಪು ತುದಿಗೆ ತೆಳುವಾದ ಲೋಹದ ಹಾಳೆಗಳನ್ನು ಜೋಡಿಸಿದ್ದು, ಅವುಗಳ ನಡುವೆ ಫ್ಯಾನ್ ಗಾಳಿಯನ್ನು ನೂಕುತ್ತದೆ.

ಯಂತ್ರ ತೆಳುವಾದಷ್ಟೂ ನಳಿಕೆ ಚಪ್ಪಟೆಯಾಗಬೇಕು, ಫ್ಯಾನಿನ ಅಲಗು ಗಿಡ್ಡವಾಗಬೇಕು. ಅಷ್ಟೇ ಗಾಳಿ ಬೇಕಾದರೆ ಫ್ಯಾನ್ ವೇಗವಾಗಿ ತಿರುಗಬೇಕು. ವೇಗ ಇಮ್ಮಡಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ, ಫ್ಯಾನಿಗೆ ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಇದಲ್ಲದೆ ಅನೇಕ ಚಿಕ್ಕ ಯಂತ್ರಗಳಲ್ಲಿ ಮುಖ್ಯ ಸಂಸ್ಕಾರಕವೂ ಗ್ರಾಫಿಕ್ಸ್ ಚಿಪ್ಪೂ ಅದೇ ನಳಿಕೆಗಳನ್ನು ಹಂಚಿಕೊಳ್ಳುತ್ತವೆ. ಒಂದೇ ಬಾವಿಯಿಂದ ಎರಡು ಹೊಲಗಳಿಗೆ ನೀರು ಹಾಯಿಸುವ ರೈತನಂತೆ, ಯಾವುದಕ್ಕೆ ಯಾವಾಗ ಎಷ್ಟು ವ್ಯಾಟ್ ಕೊಡಬೇಕೆಂಬುದನ್ನು ಯಂತ್ರವು ಕ್ಷಣಕ್ಷಣಕ್ಕೂ ನಿರ್ಧರಿಸುತ್ತಿರುತ್ತದೆ.

ಹೊರಗಿನ ಹವೆಯೂ ಮುಖ್ಯ. ಚಿಪ್ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬಹುದೆಂದಿಟ್ಟುಕೊಂಡರೆ, 25 ಡಿಗ್ರಿಯ ಕೋಣೆಯಲ್ಲಿ ಶಾಖವನ್ನು ಹೊರದೂಡುವ ಅಂತರ 70 ಡಿಗ್ರಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರುಗಳಂತಹ ಊರುಗಳಲ್ಲಿ ಹವೆ 40 ಡಿಗ್ರಿ ಮುಟ್ಟಿದಾಗ ಆ ಅಂತರ 55ಕ್ಕೆ ಇಳಿಯುತ್ತದೆ. ಅದೇ ಫ್ಯಾನ್ ಸಾಗಿಸಬಲ್ಲ ಶಾಖ ಐದನೇ ಒಂದು ಭಾಗಕ್ಕೂ ಮಿಕ್ಕಿ ಕುಗ್ಗುತ್ತದೆ. ಮಿತಿ ಮೀರಿದಾಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಗಾಳಿಗಂಡಿಗಳಲ್ಲಿ ಧೂಳು ತುಂಬಿದಾಗಲೂ, ಹಾಸಿಗೆಯ ಮೇಲಿಟ್ಟು ಕೆಳಗಿನ ಗಂಡಿ ಮುಚ್ಚಿದಾಗಲೂ ಆಗುವುದು ಇದೇ.

ಫ್ಯಾನಿಲ್ಲದ ಮಾರ್ಗವೂ ಇಲ್ಲದಿಲ್ಲ. 2020ರಲ್ಲಿ ಆಪಲ್ ಸಂಸ್ಥೆ ಹೊರತಂದ ಎಂ1 ಚಿಪ್‌ನ ‘ಮ್ಯಾಕ್‌ಬುಕ್ ಏರ್’ 1.29 ಕಿಲೋಗ್ರಾಂ ತೂಗುತ್ತಿತ್ತು. ಅದರಲ್ಲಿ ಫ್ಯಾನ್ ಇರಲಿಲ್ಲ. ಸಂಸ್ಕಾರಕ, ಗ್ರಾಫಿಕ್ಸ್ ಎರಡನ್ನೂ ಒಂದೇ ಚಿಪ್‌ನಲ್ಲಿ ಸೇರಿಸಿ, ಸ್ಮೃತಿಯನ್ನು ಎರಡಕ್ಕೂ ಸಮಾನವಾಗಿಸಿ, ಶಾಖ ಹುಟ್ಟುವುದನ್ನೇ ಕಡಿಮೆ ಮಾಡಲಾಗಿತ್ತು. ಆದರೂ ದೀರ್ಘಕಾಲದ ಭಾರೀ ಕೆಲಸದಲ್ಲಿ ಅದೂ ವೇಗ ತಗ್ಗಿಸುತ್ತಿತ್ತು.

ಕೊಳ್ಳುವವರ ವಿವೇಕ

ಬ್ಯಾಟರಿಯ ಲೆಕ್ಕವೂ ಇದಕ್ಕೆ ಹೊರತಲ್ಲ. ಮೇಲೆ ಹೇಳಿದ ಜಿ14ರ ಬ್ಯಾಟರಿ 76 ವ್ಯಾಟ್-ಗಂಟೆಯದು. ಯಂತ್ರ 100 ವ್ಯಾಟ್ ಸೇವಿಸಿದರೆ ಮುಕ್ಕಾಲು ಗಂಟೆಯಲ್ಲಿ ಬರಿದಾದೀತು. ವಿಮಾನಯಾನದ ಸುರಕ್ಷಾ ನಿಯಮದಂತೆ 100 ವ್ಯಾಟ್-ಗಂಟೆ ಮೀರಿದ ಬ್ಯಾಟರಿಗೆ ವಿಮಾನ ಸಂಸ್ಥೆಯ ಅನುಮತಿ ಬೇಕಾಗುವುದರಿಂದ ತಯಾರಕರು ಸಾಮಾನ್ಯವಾಗಿ ಆ ಗೆರೆಯನ್ನು ದಾಟುವುದಿಲ್ಲ.

ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದದ್ದು ಚಿಪ್‌ನ ಹೆಸರನ್ನಲ್ಲ. ಅದಕ್ಕೆ ನಿಗದಿಯಾದ ವ್ಯಾಟ್ ಎಷ್ಟು, ಒಂದು ಗಂಟೆ ಸತತ ದುಡಿದ ಮೇಲೂ ಅದೇ ವೇಗ ಉಳಿಯುವುದೇ ಎಂಬುದನ್ನು. ಬರವಣಿಗೆ, ಪಾಠ, ಲೆಕ್ಕಪತ್ರಗಳಿಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಬೇಕಿಲ್ಲ. ಕದಲದೆ ಒಂದೆಡೆ ಇರುವ ಶಾಲೆಯ ಪ್ರಯೋಗಾಲಯಕ್ಕೆ ಮೇಜಿನ ಗಣಕವೇ ಲೇಸು. ಅದೇ ಹಣಕ್ಕೆ ಹೆಚ್ಚು ಬಲವೂ, ಸುಲಭವಾದ ದುರಸ್ತಿಯೂ ದೊರೆಯುತ್ತವೆ. ಊರಿನಿಂದ ವಿದ್ಯಾರ್ಥಿ ನಿಲಯಕ್ಕೆ, ಅಲ್ಲಿಂದ ಕಾಲೇಜಿಗೆ ಯಂತ್ರವನ್ನು ಹೊತ್ತು ತಿರುಗುವ ವಿನ್ಯಾಸದ ವಿದ್ಯಾರ್ಥಿಗೆ ಮಾತ್ರ ಈ ಮೂರರ ಸಮತೋಲನ ನಿಜವಾದ ಅಗತ್ಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಣಕ್ಕೆ ಸಲ್ಲುವಂತೆ ಶಾಖಕ್ಕೂ ಸಲ್ಲುತ್ತದೆ. ಹೊರಹಾಕಬಲ್ಲಷ್ಟೇ ಕಾವನ್ನು ಹುಟ್ಟಿಸುವ ಯಂತ್ರವೇ ಬಹುಕಾಲ ಬಾಳುವ ಯಂತ್ರ.