ರಣಹದ್ದುಗಳಿಗೆ ನೆಲೆಯಾದ ರಾಮದೇವರ ಬೆಟ್ಟ

ಚನ್ನಪಟ್ಟಣದಿಂದ ಬೆಂಗಳೂರಿನತ್ತ ಹೊರಟವರಿಗೆ ರಾಮನಗರದ ಬಳಿ ಎದುರಾಗುವ ಬೃಹತ್ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯವು. ಊರಿನ ಹಿಂದಿನ ಹೆಸರನ್ನೇ ಉಳಿಸಿಕೊಂಡು ಭೂವಿಜ್ಞಾನಿಗಳು ಇವನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕಲ್ಲುಗಣಿಗಳಿಗೆ ಹೆಸರಾದ ಈ ಸೀಮೆಯಲ್ಲಿ ರಾಮದೇವರ ಬೆಟ್ಟವು ಕುರುಚಲು ಕಾಡಿನೊಡನೆ ಉಳಿದುಬಂದಿರುವುದಕ್ಕೆ ಅದರ ಮೇಲಿನ ರಾಮನ ಗುಡಿ, ತೀರ್ಥದ ಕೊಳ ಮತ್ತು ತಲೆಮಾರುಗಳ ಭಕ್ತಿ ದೊಡ್ಡ ಕಾರಣವೆಂದೇ ಹೇಳಬೇಕು. ಹೊರನಾಡಿನವರು ‘ಶೋಲೆ’ ಚಿತ್ರದಿಂದ ಈ ಬಂಡೆಗಳನ್ನು ಬಲ್ಲರಾದರೂ ಸುತ್ತಲಿನವರಿಗೆ ಇದು ಹರಕೆಯ ಬೆಟ್ಟ.

ಸೀತೆಯನ್ನು ಪೀಡಿಸಿದ ಕಾಕಾಸುರನನ್ನು ರಾಮನು ದಂಡಿಸಿದ ಸ್ಥಳ ಇದಾದ್ದರಿಂದ ಇಲ್ಲಿ ಕಾಗೆ ಸುಳಿಯದೆಂಬುದು ಸ್ಥಳೀಯರ ನಂಬಿಕೆ. ಕಾಗೆಗೆ ಎಡೆಯಿಲ್ಲದ ಬೆಟ್ಟದಲ್ಲಿ ರಣಹದ್ದಿಗೆ ಮನೆ ಸಿಕ್ಕಿತು. ಮನೆಯ ಮೇಲೆ ಕುಳಿತರೆ ಅಪಶಕುನವೆಂದು ಜನ ಅಂಜುವ ಈ ಹಕ್ಕಿಯೇ ಜಟಾಯುವಿನ ಕುಲದ್ದೆಂದು ರಾಮನ ಸನ್ನಿಧಿಯಲ್ಲಿ ಗೌರವ ಪಡೆಯುವುದು ನಿಜಕ್ಕೂ ಮನಮುಟ್ಟುವ ಸಂಗತಿ. ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚುಗಳಲ್ಲಿ ಗೂಡು ಮಾಡಿ ವರ್ಷಕ್ಕೆ ಒಂದೇ ಮೊಟ್ಟೆಯಿಡುವುದರಿಂದ, ಒಂದು ಗೂಡು ಕೆಟ್ಟರೂ ಆ ಜೋಡಿಯ ಇಡೀ ವರ್ಷ ಬರಿದಾಗುತ್ತದೆ. 2012ರಲ್ಲಿ ರಾಜ್ಯ ಸರ್ಕಾರವು ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿ, ಭಕ್ತಿ ಕಾದಿದ್ದ ನೆಲಕ್ಕೆ ಕಾನೂನಿನ ಬೇಲಿಯನ್ನೂ ಒದಗಿಸಿತು.

ಆದರೆ ದೇವರ ಬೆಟ್ಟ ಕಾಯಬಲ್ಲದ್ದು ಗೂಡನ್ನು, ಮೇವನ್ನಲ್ಲ. ಸತ್ತ ದನವನ್ನರಸಿ ರಣಹದ್ದು ಹತ್ತಾರು ಮೈಲಿ ಹಾರುತ್ತದೆ. ಆ ದನಕ್ಕೆ ಸಾಯುವ ಮುನ್ನ ನೋವು ಕಳೆಯಲೆಂದು ಡೈಕ್ಲೊಫೆನಾಕ್ ಚುಚ್ಚಿದ್ದರೆ, ಮಾಂಸದಲ್ಲುಳಿದ ಔಷಧದಿಂದ ಹಕ್ಕಿಯ ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. 1990ರ ದಶಕದಿಂದೀಚೆಗೆ ದೇಶದ ಉದ್ದಕೊಕ್ಕಿನ ರಣಹದ್ದುಗಳ ಸಂಖ್ಯೆ ಶೇಕಡಾ 95ಕ್ಕೂ ಹೆಚ್ಚು ಕುಸಿಯಲು ಇದೇ ಮುಖ್ಯ ಕಾರಣ. ಪಶುಚಿಕಿತ್ಸೆಯಲ್ಲಿ ಈ ಔಷಧದ ಬಳಕೆಯನ್ನು 2006ರಲ್ಲಿ ನಿಷೇಧಿಸಿದ ಕೇಂದ್ರ ಸರ್ಕಾರವು ಅಷ್ಟೇ ಅಪಾಯಕಾರಿಯಾದ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್‌ಗಳನ್ನು ತಡೆದದ್ದು 2023ರಲ್ಲಿ. ಮೆಲಾಕ್ಸಿಕ್ಯಾಮ್ ಎಂಬ ನಿರಪಾಯಕಾರಿ ಬದಲಿ ಔಷಧ ಇರುವುದರಿಂದ ಬೆಟ್ಟದ ಹಕ್ಕಿಗಳ ಅಳಿವು ಉಳಿವು ಈಗ ಮಾಗಡಿ, ಕನಕಪುರ, ಚನ್ನಪಟ್ಟಣದ ದನದ ಕೊಟ್ಟಿಗೆಗಳಲ್ಲಿ ಯಾವ ಸೂಜಿಮದ್ದು ಬಳಕೆಯಾಗುತ್ತದೆ ಎಂಬುದನ್ನೂ ಅವಲಂಬಿಸಿದೆ.