ಶಾಲೆಯ ಬಾಗಿಲಿಗೆ ಬರುವ ಕಥೆಗಾರ

ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯ ಗ್ರಾಮ. ಅದಿರು, ಲಾರಿ, ಪಾಳಿ ಕೆಲಸ ಇವೇ ಈ ಸೀಮೆಯ ದಿನಚರಿ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮನೆಮಾತು ಕನ್ನಡವಾಗಿರುವ ಮಕ್ಕಳ ಪಕ್ಕದಲ್ಲಿಯೇ ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳೂ, ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳೂ ಕೂರುತ್ತಾರೆ. ಅವರೆಲ್ಲರ ಕೈಯಲ್ಲಿರುವ ಕನ್ನಡ ಪುಸ್ತಕ ಬಹುಪಾಲು ಒಂದೇ: ಪಠ್ಯಪುಸ್ತಕ. ಅದರಾಚೆಗೆ ಪರೀಕ್ಷೆಯ ಹಂಗಿಲ್ಲದೆ ಓದಬಹುದಾದ ಕಥೆಯೊಂದು ಇಂತಹ ಮಗುವಿಗೆ ತಲಪುವುದು ಹೇಗೆ?

ಈ ಪ್ರಶ್ನೆ ಬಳ್ಳಾರಿ ಜಿಲ್ಲೆಗೆ ಈಗ ಹೆಚ್ಚು ಹತ್ತಿರದ್ದಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ 2025ರ ಬಾಲ ಸಾಹಿತ್ಯ ಪುರಸ್ಕಾರವು ಕನ್ನಡದಲ್ಲಿ ಇದೇ ಜಿಲ್ಲೆಯ ಕೆ. ಶಿವಲಿಂಗಪ್ಪ ಹಂದಿಹಾಳ್ ಅವರ 'ನೋಟ್ ಬುಕ್' ಕಥಾಸಂಕಲನಕ್ಕೆ ಸಂದಿತು. 2010ರಲ್ಲಿ ಆರಂಭವಾದ ಈ ಪುರಸ್ಕಾರದ ಮೊತ್ತ 50 ಸಾವಿರ ರೂಪಾಯಿ. ಕನ್ನಡದ ಮೊದಲ ಪುರಸ್ಕೃತರು 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' ಬರೆದ ಬೊಳುವಾರು ಮಹಮದ್ ಕುಂಞಿ, ಮರುವರ್ಷ ನಾ. ಡಿಸೋಜ. ಪ್ರಶಸ್ತಿಯಿಂದ ಲೇಖಕನ ಹೆಸರು ಒಮ್ಮೆಗೇ ರಾಜ್ಯದ ಓದುಗರಿಗೆ ತಿಳಿಯುತ್ತದೆ. ಆದರೆ ಮಕ್ಕಳ ಸಾಹಿತ್ಯದ ಮಟ್ಟಿಗೆ ಓದುಗ ಬೇರೆ, ಪತ್ರಿಕೆ ಓದುವವರು ಬೇರೆ. ಆ ಓದುಗನ ಬಳಿ ಹಣವಿಲ್ಲ, ಅಂಗಡಿಗೆ ಹೋಗಿ ಪುಸ್ತಕ ಆರಿಸುವ ಸ್ವಾತಂತ್ರ್ಯವೂ ಇಲ್ಲ. ಆದ್ದರಿಂದಲೇ ಕನ್ನಡದ ಮಕ್ಕಳ ಲೇಖಕ ಮೊದಲಿನಿಂದಲೂ ತನ್ನ ಕಥೆಯನ್ನು ತಾನೇ ಹೊತ್ತು ಶಾಲೆಗೆ ಹೋಗಬೇಕಾಯಿತು.

ತನಿಖೆಗೆ ಬಂದ ಕವಿ

ಈ ಪರಂಪರೆಯ ಮೂಲಪುರುಷರೆಂದು ಹೇಳಬೇಕಾದವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆಯವರ ಮನೆಮಾತು ಕೊಂಕಣಿ. ಅವರ ವೃತ್ತಿಜೀವನವೆಲ್ಲ ಶಾಲೆಯ ಸುತ್ತಲೇ ನಡೆಯಿತು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಅನಂತರ ಶಾಲಾ ತನಿಖಾಧಿಕಾರಿಯಾಗಿ, ಶಿಕ್ಷಕರ ತರಬೇತಿ ಶಾಲೆಯಲ್ಲಿ ಅಧ್ಯಾಪಕರಾಗಿ, ಮುಂದೆ ಮಡಿಕೇರಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. 'ಹುತ್ತರಿ ಹಾಡು' ಅವರ ಕೊಡಗಿನ ದಿನಗಳ ಕೊಡುಗೆ.

ಇಲ್ಲಿ ತನಿಖಾಧಿಕಾರಿ ಎಂಬ ಹುದ್ದೆಯನ್ನು ಸ್ವಲ್ಪ ವಿವರಿಸಬೇಕು. ಬ್ರಿಟಿಷ್ ಆಡಳಿತದ ಶಾಲೆಗಳಲ್ಲಿ ಇನ್‌ಸ್ಪೆಕ್ಟರರ ಭೇಟಿಯೆಂದರೆ ಮಕ್ಕಳಿಗಿಂತ ಮೇಷ್ಟರಿಗೇ ನಡುಕ. ಶಾಲೆಗೆ ದೊರೆಯುವ ಅನುದಾನ, ಶಿಕ್ಷಕನ ಮುಂದಿನ ಭವಿಷ್ಯ ಎರಡೂ ಆ ಒಂದು ದಿನದ ವರದಿಯನ್ನು ಅವಲಂಬಿಸಿದ್ದವು. ಅಂತಹ ಹುದ್ದೆಯಲ್ಲಿದ್ದು ಊರೂರು ಸುತ್ತಿದ ಮನುಷ್ಯ ಕನ್ನಡದ ಶಿಶುಗೀತೆಗಳ ಆದಿಕವಿಯಾದದ್ದು ಆಕಸ್ಮಿಕವಲ್ಲ. ಯಾವ ಪದ್ಯ ಮಗುವಿನ ಬಾಯಲ್ಲಿ ನಿಲ್ಲುತ್ತದೆ, ಯಾವುದು ಬೆತ್ತದ ಭಯಕ್ಕೆ ಮಾತ್ರ ಬಾಯಿಪಾಠವಾಗುತ್ತದೆ ಎಂಬುದನ್ನು ಅವರಷ್ಟು ತರಗತಿಗಳಲ್ಲಿ ಕಣ್ಣಾರೆ ಕಂಡವರು ಆ ಕಾಲದಲ್ಲಿ ವಿರಳ. 'ನಾಗರ ಹಾವೆ'ಯಂತಹ ಪದ್ಯ ನೂರು ವರ್ಷ ದಾಟಿಯೂ ಮಕ್ಕಳ ನಾಲಗೆಯ ಮೇಲೆ ಉಳಿದಿರುವುದಕ್ಕೆ ಅದರ ಲಯ ಎಷ್ಟು ಕಾರಣವೋ, ಬರೆದಾತನ ಈ ಅನುಭವವೂ ಅಷ್ಟೇ ಕಾರಣ.

ಪಂಜೆಯವರು ಬರೆದು ಸುಮ್ಮನಾಗಲಿಲ್ಲ. ಅವರ ಪದ್ಯಗಳು ಬಾಸೆಲ್ ಮಿಷನ್ ಪ್ರೆಸ್ಸಿನ ಪಾಠಪುಸ್ತಕಗಳ ಮೂಲಕ ಶಾಲೆಗಳನ್ನು ಸೇರಿದವು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಮಕ್ಕಳಿಗಾಗಿಯೇ ಪುಸ್ತಕ ಪ್ರಕಟಿಸುವ ಕೆಲಸಕ್ಕೆ ಕೈಹಾಕಿದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ದೊರೆಯಿತು. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು; ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿ; ಸಂಡೂರು ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ. ಕನ್ನಡ ನಾಡು ಹೀಗೆ ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಕೊಂಕಣಿ ಮನೆಮಾತಿನ ಮಕ್ಕಳ ಕವಿಯೊಬ್ಬ ತುಂಗಭದ್ರೆಯ ಆಚೆ ದಡದಲ್ಲಿ ಕನ್ನಡದ ಪರವಾಗಿ ನಿಂತದ್ದು ಗಮನಾರ್ಹ. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ ಎಂಬ ವಡ್ಡು ಸೀಮೆಯ ಇಂದಿನ ಮಗುವಿನ ಸ್ಥಿತಿ ಪಂಜೆಯವರಿಗೆ ಅಪರಿಚಿತವಾಗಿರಲಿಲ್ಲ.

ಪುಸ್ತಕ ಹೊತ್ತ ಮೇಷ್ಟರು

ಎರಡನೆಯ ಹೆಸರು ಜಿ.ಪಿ. ರಾಜರತ್ನಂ ಅವರದು. ಎಂ.ಎ. ಮುಗಿಸಿ ಎಳೆಯ ಮಕ್ಕಳಿಗೆ ಪಾಠ ಹೇಳಲು ನಿಂತಾಗ, ತರಗತಿಯಲ್ಲಿ ಹೇಳಿಕೊಡಬೇಕಾಗಿದ್ದ ಪದ್ಯಗಳು ಅವರಿಗೆ ರುಚಿಸಲಿಲ್ಲ, ತಾವೇ ಬರೆಯತೊಡಗಿದರು. 'ತುತ್ತೂರಿ' ಹುಟ್ಟಿದ್ದು ಹಾಗೆ. ಮುಂದೆ ಕಾಲೇಜು ಅಧ್ಯಾಪಕರಾದ ಮೇಲೂ ಅವರು ತಮ್ಮನ್ನು ಸಾಹಿತ್ಯದ ಪರಿಚಾರಕರೆಂದೇ ಭಾವಿಸಿದರು. ಪುಸ್ತಕಗಳನ್ನು ತಾವೇ ಹೊತ್ತು ಮಾರಿದರು, ವಿದ್ಯಾರ್ಥಿಗಳಿಂದ ಬರೆಸಿದರು, ಬರೆದದ್ದನ್ನು ಅಚ್ಚು ಹಾಕಿಸಿದರು. 1978ರಲ್ಲಿ ದೆಹಲಿಯಲ್ಲಿ ನಡೆದ ಐವತ್ತನೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಮರುವರ್ಷ ತೀರಿಕೊಂಡರು. ವಿದ್ವತ್ತಿಗೆ ಎಂದೂ ಕಡಿಮೆಯಿಲ್ಲದ ಮನುಷ್ಯ ಪುಸ್ತಕದ ಗಂಟನ್ನು ಹೊರಲು ನಾಚಲಿಲ್ಲವೆಂಬುದು ಇಂದಿನವರಿಗೆ ವಿಚಿತ್ರವೆನಿಸಬಹುದು. ಆದರೆ ಬೇರೆ ದಾರಿ ಆಗಲೂ ಇರಲಿಲ್ಲ, ಈಗಲೂ ಅಷ್ಟೊಂದು ಇಲ್ಲ.

ಶಿವರಾಮ ಕಾರಂತರು 1936ರಲ್ಲಿಯೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಹೊರತಂದದ್ದನ್ನೂ, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗ ನಡೆಸಿದ್ದನ್ನೂ, ವೃತ್ತಿಯಿಂದ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ದಿನಕ್ಕೊಂದು ಕಥೆ'ಯನ್ನು ಹನ್ನೆರಡು ಸಂಪುಟಗಳಲ್ಲಿ ಬರೆದದ್ದನ್ನೂ ಇಲ್ಲಿ ನೆನೆಯಬೇಕು. ಉತ್ತರ ಕರ್ನಾಟಕದಲ್ಲಿ ಈ ಹೊಣೆ ಹೊತ್ತವರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರೇ ಹೆಚ್ಚು. ವಿಜಯಪುರ ಜಿಲ್ಲೆಯನ್ನು ಮಕ್ಕಳ ಸಾಹಿತ್ಯದ ತವರು ಎಂದು ಕರೆಯುವುದುಂಟು. ಕಲ್ಯಾಣ ಕರ್ನಾಟಕದ ಶಹಾಪುರದಲ್ಲಿದ್ದು ಬರೆದ ಚಂದ್ರಕಾಂತ ಕರದಳ್ಳಿ ಅವರಿಗೆ 2019ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ದೊರೆತಾಗ, ರಾಜಧಾನಿಯ ಎಷ್ಟೋ ಓದುಗರು ಅವರ ಹೆಸರನ್ನು ಕೇಳಿದ್ದು ಅದೇ ಮೊದಲು.

ಭೇಟಿಯ ದಿನ ನಡೆಯುವುದೇನು?

ಲೇಖಕನನ್ನು ಶಾಲೆಗೆ ಕರೆಯುವ ದಿನ ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ಬರುತ್ತದೆ. ರಾಜ್ಯೋತ್ಸವ, ಮಕ್ಕಳ ದಿನಾಚರಣೆ ಎರಡೂ ಆ ತಿಂಗಳಲ್ಲಿಯೇ. ಪ್ರಾರ್ಥನೆ, ಸ್ವಾಗತ, ಹಾರ, ಅಧ್ಯಕ್ಷರ ಭಾಷಣ ಮುಗಿಯುವ ಹೊತ್ತಿಗೆ ಒಂದನೆಯ ತರಗತಿಯ ಮಕ್ಕಳು ತೂಕಡಿಸುತ್ತಿರುತ್ತಾರೆ. ಲೇಖಕನಿಗೆ ಉಳಿಯುವುದು ಬಿಸಿಯೂಟದ ಗಂಟೆಗೆ ಮುಂಚಿನ ಸ್ವಲ್ಪ ಸಮಯ. ಅನುಭವಿಗಳು ಅಷ್ಟರಲ್ಲಿ ಉಪದೇಶಕ್ಕೆ ಹೋಗುವುದಿಲ್ಲ. ವೇದಿಕೆಯಿಂದ ಇಳಿದು ಮಕ್ಕಳ ನಡುವೆ ಕುಳಿತು ಕಥೆ ಓದುತ್ತಾರೆ, ಅರ್ಧಕ್ಕೆ ನಿಲ್ಲಿಸಿ ಮುಂದೇನಾಯಿತೆಂದು ಕೇಳುತ್ತಾರೆ. ತಾಂಡಾದ ಹುಡುಗಿಯೊಬ್ಬಳು ಉತ್ತರವನ್ನು ತನ್ನ ಭಾಷೆಯಲ್ಲಿ ಹೇಳಿದರೆ ಪಕ್ಕದವಳು ಅದನ್ನು ಕನ್ನಡಕ್ಕೆ ತಿರುಗಿಸುತ್ತಾಳೆ. ಕಥೆ ಮಕ್ಕಳದಾಗುವುದು ಆ ಗಳಿಗೆಯಲ್ಲಿ.

ಇದರಿಂದ ಲೇಖಕನಿಗೂ ಲಾಭವಿದೆ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕುಳಿತು ಬರೆದ ಕಥೆಯ ಯಾವ ಪದ ಸಂಡೂರಿನ ಮಗುವಿಗೆ ತಿಳಿಯದು, ಯಾವ ಹಾಸ್ಯಕ್ಕೆ ನಗು ಬಾರದು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಸಮುದ್ರ, ಅಡಿಕೆ ತೋಟ, ಮಲೆನಾಡಿನ ಮಳೆ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಧಾರಾಳವಾಗಿವೆ. ಅದಿರಿನ ಕೆಂಪು ಧೂಳು, ರಾತ್ರಿ ಪಾಳಿಗೆ ಹೋಗುವ ಅಪ್ಪ, ಕನ್ನಡಿ ಚೂರು ಕೂರಿಸಿ ಕಸೂತಿ ಹಾಕುವ ಲಂಬಾಣಿ ಅಜ್ಜಿ ಅಪರೂಪ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಮಾನ್ಯತೆಯ ಗುರುತು ದೊರೆತಿದೆ. ಅದನ್ನು ಹೊಲಿಯುವ ಮನೆಯ ಮಗು ಕಥೆಯೊಳಗೆ ಇನ್ನೂ ಸರಿಯಾಗಿ ಬಂದಿಲ್ಲ.

ಭೇಟಿ ಮುಗಿದ ಮೇಲೆ ಶಾಲೆಯಲ್ಲಿ ಉಳಿಯುವುದು ಏನು ಎಂಬುದೇ ಮುಖ್ಯವಾದ ಪ್ರಶ್ನೆ. ಲೇಖಕ ಎರಡು ಬಸ್ಸು ಹಿಡಿದು ಊರಿಗೆ ಮರಳುತ್ತಾನೆ, ಕೈಯಲ್ಲಿ ಶಾಲು ಮತ್ತು ಹಣ್ಣಿನ ಬುಟ್ಟಿ. ಆ ಶಾಲು, ಹಾರ, ಬುಟ್ಟಿಯ ಹಣದಲ್ಲಿ ಆರೇಳು ತೆಳು ಪುಸ್ತಕಗಳು ಬರುತ್ತಿದ್ದವು. ಕಥೆ ಕೇಳಿ ಹುಟ್ಟಿದ ಹಸಿವು ಎರಡು ದಿನ ಇರುತ್ತದೆ. ಆ ಎರಡು ದಿನದಲ್ಲಿ ಪುಸ್ತಕ ಕೈಗೆ ಸಿಗದಿದ್ದರೆ ಭೇಟಿ ಒಂದು ಮನರಂಜನೆಯಾಗಿ ಮುಗಿಯುತ್ತದೆ.

ಹಣದ ಲೆಕ್ಕ

ಕನ್ನಡದಲ್ಲಿ ಮಕ್ಕಳ ಪುಸ್ತಕವೊಂದು ಸಾಮಾನ್ಯವಾಗಿ ಸಾವಿರ ಪ್ರತಿಯ ಆಸುಪಾಸಿನಲ್ಲಿ ಅಚ್ಚಾಗುತ್ತದೆ. ಗೌರವಧನದಿಂದ ಜೀವನ ಸಾಗಿಸುವ ಮಕ್ಕಳ ಲೇಖಕ ಇಲ್ಲವೆಂದೇ ಹೇಳಬೇಕು. ಎಲ್ಲರಿಗೂ ಇನ್ನೊಂದು ಉದ್ಯೋಗವುಂಟು. ಪ್ರಕಾಶಕರ ದೊಡ್ಡ ಭರವಸೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ ವಸೂಲಾಗುತ್ತದೆ. ಹೊಸಪೇಟೆಯ ಮನೆಯೊಡೆಯನೂ ಅದನ್ನು ಕಟ್ಟುತ್ತಾನೆ. ಆದರೆ ಸಗಟು ಖರೀದಿ ಎಷ್ಟೋ ಸಲ ವರ್ಷಗಟ್ಟಲೆ ಹಿಂದೆ ಬಿದ್ದಿದೆ. ಪುಟಗಳ ಲೆಕ್ಕದಲ್ಲಿ ಬೆಲೆ ಕಟ್ಟುವ ಪದ್ಧತಿಯೂ ಮಕ್ಕಳ ಪುಸ್ತಕಕ್ಕೆ ಒಗ್ಗುವಂಥದ್ದಲ್ಲ. ಮುನ್ನೂರು ಪುಟದ ಕಾದಂಬರಿಗೂ, ಹದಿನಾರು ಪುಟದಲ್ಲಿ ಬಣ್ಣದ ಚಿತ್ರ ತುಂಬಿಸಬೇಕಾದ ಎಳೆಯರ ಪುಸ್ತಕಕ್ಕೂ ಒಂದೇ ಅಳತೆಗೋಲು ಸಲ್ಲದು. ಚಿತ್ರಕಾರನ ಸಂಭಾವನೆ ಪುಟದ ಎಣಿಕೆಯಲ್ಲಿ ಸಿಗುವುದಿಲ್ಲ.

ಶಾಲೆಗಳಿಗೆ ನೇರವಾಗಿಯೂ ಹಣ ಬರುತ್ತದೆ. ಕೇಂದ್ರ ಸರ್ಕಾರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತವನ್ನು ಅನುಸರಿಸಿ ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಮೊತ್ತ ಸಣ್ಣದಾದರೂ ಕಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಐವತ್ತಕ್ಕೂ ಹೆಚ್ಚು ಪುಸ್ತಕಗಳು ಅದರಲ್ಲಿ ಬರುತ್ತವೆ. ಯಾವ ಪುಸ್ತಕ ಕೊಳ್ಳಬೇಕೆಂದು ಆರಿಸುವವರು ಯಾರು, ಅವರು ಆ ಪುಸ್ತಕಗಳನ್ನು ಓದಿದ್ದಾರೆಯೇ ಎಂಬಲ್ಲಿ ತೊಡಕು. ಶಾಲೆಗೆ ಬಂದ ಲೇಖಕನ ಸಲಹೆ ಈ ಆಯ್ಕೆಯಲ್ಲಿ ಉಪಯೋಗಕ್ಕೆ ಬರಬಹುದು. ಅವನು ತನ್ನ ಪುಸ್ತಕವನ್ನಷ್ಟೇ ಸೂಚಿಸಬಾರದು ಎಂಬುದು ಪ್ರತ್ಯೇಕ ಮಾತು.

ಸಂಡೂರು, ಹೊಸಪೇಟೆ ಸೀಮೆಗೆ ಇನ್ನೊಂದು ಮೂಲವೂ ಉಂಟು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಗಣಿ ಬಾಧಿತ ಜನರಿಗೆಂದೇ ಮೀಸಲು; ಶಿಕ್ಷಣ ಅದರ ಹೆಚ್ಚಿನ ಆದ್ಯತೆಯ ಕ್ಷೇತ್ರಗಳಲ್ಲೊಂದು. ಕೊಠಡಿ, ಕಾಂಪೌಂಡು, ಶೌಚಾಲಯ ಎಲ್ಲವೂ ಬೇಕಾದವೇ. ಅವು ಕಣ್ಣಿಗೆ ಕಾಣುತ್ತವೆ, ಅವುಗಳ ಮೇಲೆ ಉದ್ಘಾಟನೆಯ ಕಲ್ಲು ಕೂರಿಸಬಹುದು. ಕೈಬದಲಾಗುತ್ತ ಹರಿದುಹೋಗುವ ಕಥೆಪುಸ್ತಕಕ್ಕೆ ಕಲ್ಲು ಕೂರಿಸಲು ಬರುವುದಿಲ್ಲ. ಆದರೂ ಒಂದು ತಾಲ್ಲೂಕಿನ ಎಲ್ಲ ಪ್ರಾಥಮಿಕ ಶಾಲೆಗಳಿಗೆ ಪ್ರತಿವರ್ಷ ಒಂದು ಕಪಾಟು ಪುಸ್ತಕ, ವರ್ಷಕ್ಕೆರಡು ಬಾರಿ ಲೇಖಕರ ಭೇಟಿ, ಬರುವವರಿಗೆ ಬಸ್ ಖರ್ಚು ಮತ್ತು ಗೌರವಧನ ಇಷ್ಟಕ್ಕೆ ತಗಲುವುದು ಆ ನಿಧಿಯ ಲೆಕ್ಕದಲ್ಲಿ ಬಲು ಚಿಕ್ಕ ಮೊತ್ತ.

ಪಂಚಾಯಿತಿಯ ಗ್ರಂಥಾಲಯ

ಹಳ್ಳಿಯ ಮಟ್ಟದಲ್ಲಿ ಈಚಿನ ವರ್ಷಗಳ ದೊಡ್ಡ ಬದಲಾವಣೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳದ್ದು. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ದಾನಿಗಳಿಂದ ಪುಸ್ತಕ ಸಂಗ್ರಹ, ಗಟ್ಟಿ ಓದು, ಕಥೆ ಹೇಳುವುದು ಇವೆಲ್ಲ ಅದರ ಅಂಗವಾದವು. ದಿನಪತ್ರಿಕೆ ಓದುವ ಹಿರಿಯರ ಕಟ್ಟೆಯಂತಿದ್ದ ಕೊಠಡಿಗಳಲ್ಲಿ ಮಕ್ಕಳ ಚಾಪೆ ಬಿದ್ದದ್ದು ಸಣ್ಣ ಸಂಗತಿಯಲ್ಲ.

ಲೇಖಕರ ಭೇಟಿಯನ್ನು ಶಾಲೆಯ ವೇದಿಕೆಯಿಂದ ಈ ಗ್ರಂಥಾಲಯಗಳಿಗೆ ವರ್ಗಾಯಿಸಿದರೆ ಅನುಕೂಲ ಹಲವು. ಪರೀಕ್ಷೆಯ ನೆರಳಿಲ್ಲ, ಬಿಸಿಯೂಟದ ಅವಸರವಿಲ್ಲ, ಶಾಲೆ ಬಿಟ್ಟ ಮಗುವೂ ಬರಬಹುದು. ಕಥೆ ಕೇಳಿದ ಮಗು ಅದೇ ಸಂಜೆ ಅದೇ ಪುಸ್ತಕವನ್ನು ತನ್ನ ಹೆಸರಿನಲ್ಲಿ ಬರೆಸಿ ಮನೆಗೆ ಒಯ್ಯಬಹುದು. ಇದಕ್ಕೆ ಬೇಕಾದುದು ಎರಡೇ: ಬರುವ ಲೇಖಕನ ಪುಸ್ತಕದ ಹತ್ತು ಪ್ರತಿ ಮೊದಲೇ ಅಲ್ಲಿರಬೇಕು, ಮತ್ತು ಶಾಲೆ ಬಿಡುವ ನಾಲ್ಕೂವರೆಯ ಅನಂತರ ಗ್ರಂಥಾಲಯದ ಬಾಗಿಲು ತೆರೆದಿರಬೇಕು.